ಬ್ಯಾಂಕಿನ ಜೊತೆ ತಕರಾರು: ಒಂಬುಡ್ಸ್‌ಮನ್ ತನಕ ಹೋಗಬೇಕಾ?

ಒಂಬುಡ್ಸ್‌ಮನ್ ಅಂದರೆ ಬ್ಯಾಂಕುಗಳ ಮೇಲಿನ ದೂರು ಕೇಳೋಕೆ ರಿಸರ್ವ್ ಬ್ಯಾಂಕ್ ನೇಮಿಸಿದ ಅಧಿಕಾರಿ. ಅವರ ತನಕ ಹೋಗಬೇಕಾ ಅನ್ನೋ ಪ್ರಶ್ನೆಗೆ ನನ್ನೊಳಗೇ ಎರಡು ಉತ್ತರ ಇವೆ. ಎರಡನ್ನೂ ಬರೆಯುತ್ತೇನೆ.

ಪರ

ಹೋಗಲೇಬೇಕು. ಎಟಿಎಂನಲ್ಲಿ ಐದು ಸಾವಿರ ಒತ್ತಿದೆ, ನೋಟು ಬರಲಿಲ್ಲ, ಖಾತೆಯಿಂದ ಮಾತ್ರ ದುಡ್ಡು ಹೋಯಿತು. ಶಾಖೆಯಲ್ಲಿ ಕೇಳಿದರೆ "ಬರುತ್ತೆ, ಒಂದು ವಾರ ನೋಡಿ" ಅಂದರು. ಹೀಗೇ ಮೂರು ವಾರ ಕಳೆಯಿತು, ಪ್ರತಿ ಸಲ ಅರ್ಧ ದಿನ ರಜೆ ಹಾಕಿ ಹೋಗಿ ಅದೇ ಮಾತು ಕೇಳಿಸಿಕೊಂಡು ಬಂದೆ. ಆಮೇಲೆ ಗೊತ್ತಾಯಿತು, ಇದಕ್ಕೆ ರಿಸರ್ವ್ ಬ್ಯಾಂಕ್ 2019ರ ಸೆಪ್ಟೆಂಬರ್‌ನಲ್ಲೇ ನಿಯಮ ಮಾಡಿದೆ. ಐದು ದಿನದೊಳಗೆ ಹಣ ವಾಪಸ್ ಹಾಕಬೇಕು, ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ ಸೇರಿಸಬೇಕು, ಅದನ್ನೂ ನಾವು ಕೇಳದೆಯೇ ಕೊಡಬೇಕು. ಕೌಂಟರಿನಲ್ಲಿ ಯಾರೂ ಇದನ್ನು ಹೇಳಲಿಲ್ಲ.

ಬಾಯಲ್ಲಿ ಹೇಳಿದ ದೂರಿಗೆ ಲೆಕ್ಕ ಇಲ್ಲ. ಬರೆದು ಕೊಟ್ಟು ದೂರಿನ ನಂಬರ್ ತೆಗೆದುಕೊಂಡ ದಿನದಿಂದ ಲೆಕ್ಕ ಶುರು. 30 ದಿನದಲ್ಲಿ ಉತ್ತರ ಬರದಿದ್ದರೆ, ಇಲ್ಲವೇ ಬಂದ ಉತ್ತರ ಒಪ್ಪಿಗೆ ಆಗದಿದ್ದರೆ, ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ದೂರು ಕೊಡಬಹುದು. ಶುಲ್ಕ ಇಲ್ಲ, ವಕೀಲರು ಬೇಕಿಲ್ಲ, ಹೇಗೆ ಅಂತ ಕೇಳೋಕೆ 14448ಕ್ಕೆ ಫೋನ್ ಮಾಡಿದರೆ ಸಾಕು. ನಾನು ಅಲ್ಲಿವರೆಗೂ ಹೋಗಬೇಕಾಗಲಿಲ್ಲ. ಆ ನಿಯಮ ಬರೆದು, 30 ದಿನ ಆದ ಮೇಲೆ ಒಂಬುಡ್ಸ್‌ಮನ್‌ಗೆ ಹೋಗುತ್ತೇನೆ ಅಂತ ಒಂದು ಸಾಲು ಸೇರಿಸಿ ಇಮೇಲ್ ಕಳಿಸಿದೆ. ನಾಲ್ಕನೇ ದಿನಕ್ಕೆ ದುಡ್ಡು ಬಂತು, ಪರಿಹಾರವೂ ಬಂತು.

ವಿರೋಧ

ನನಗೆ ಇಮೇಲ್ ಬರೆಯೋಕೆ ಬರುತ್ತೆ. ನಮ್ಮ ಸೋದರತ್ತೆಗೆ ಬರಲ್ಲ.

ಊರಿನಲ್ಲಿರುವ ಅವರ ವಿಧವಾ ವೇತನದ ಖಾತೆಯಿಂದ 436 ರೂಪಾಯಿ ಕಡಿತವಾಗಿತ್ತು. ಕೇಳದೇ ವಿಮೆಗೆ ಸೇರಿಸಿದ್ದರು. ಮೆಸೇಜ್ ಬಂದಿದ್ದು ಇಂಗ್ಲಿಷಿನಲ್ಲಿ, ಅದು ಏನು ಅಂತ ಅವರಿಗೆ ಗೊತ್ತಾಗಿದ್ದು ಪಾಸ್‌ಬುಕ್ ಎಂಟ್ರಿ ಹಾಕಿಸಿ ನನಗೆ ತೋರಿಸಿದಾಗ. ಇಂಥವರಿಗೆ ಪೋರ್ಟಲ್, ಓಟಿಪಿ, ದಾಖಲೆ ಅಪ್‌ಲೋಡ್, 30 ದಿನ ಕಾಯುವುದು ಅಂದರೆ ಆ ದುಡ್ಡಿನ ಆಸೆಯನ್ನೇ ಬಿಡು ಅಂದ ಹಾಗೆ. ಬ್ಯಾಂಕಿಗೆ ಮೊದಲು ಬರೆಯದೆ ಹೋದರೆ ಒಂಬುಡ್ಸ್‌ಮನ್ ಆ ದೂರನ್ನು ತೆಗೆದುಕೊಳ್ಳುವುದೂ ಇಲ್ಲ. ಕೊನೆಗೆ ಇಬ್ಬರೂ ಶಾಖೆಗೆ ಹೋಗಿ ಮ್ಯಾನೇಜರ್ ಎದುರು ಕೂತೆವು. ಅವರು ಕನ್ನಡದಲ್ಲೇ ಸಮಾಧಾನವಾಗಿ ಮಾತಾಡಿದರು, ಅರ್ಜಿಯನ್ನು ತಾವೇ ಬರೆದುಕೊಟ್ಟರು, ಆ ವಾರವೇ ದುಡ್ಡು ವಾಪಸ್ ಬಂತು.

ನಮ್ಮ ಕಡೆ ಬ್ಯಾಂಕ್ ಅಂದರೆ ಇದೇ ಆಗಿತ್ತು ಅಲ್ವಾ? ಸಿಂಡಿಕೇಟ್ ಬ್ಯಾಂಕ್ 1928ರಲ್ಲೇ ಪಿಗ್ಮಿ ಶುರು ಮಾಡಿ ಮನೆ ಬಾಗಿಲಿಗೆ ಬಂದು ಚಿಲ್ಲರೆ ಕಾಸು ಕಟ್ಟಿಸಿಕೊಳ್ಳುತ್ತಿತ್ತು. ಅದು, ವಿಜಯಾ ಬ್ಯಾಂಕ್, ಕಾರ್ಪೊರೇಷನ್ ಬ್ಯಾಂಕ್ ಎಲ್ಲವೂ 2019 ಮತ್ತು 2020ರಲ್ಲಿ ದೊಡ್ಡ ಬ್ಯಾಂಕುಗಳೊಳಗೆ ಸೇರಿಹೋದವು. ಎಲ್ಲ ದೂರನ್ನೂ ಮೇಲಕ್ಕೆ ಕಳಿಸುವುದೇ ರೂಢಿಯಾದರೆ ಶಾಖೆಯವರು "ಆನ್‌ಲೈನ್‌ನಲ್ಲಿ ಹಾಕಿ" ಅಂತ ಕೈ ತೊಳೆದುಕೊಳ್ಳುತ್ತಾರೆ. ನನಗೆ ಜಾಸ್ತಿ ಭಯ ಇರುವುದು ಇದರದ್ದೇ. ಸೋಮವಾರ ಅತ್ತೆಯ ಮೊಬೈಲ್ ನಂಬರ್ ಬದಲಿಸಬೇಕು, ಅದಕ್ಕೂ ಅವರು ಆ ಮ್ಯಾನೇಜರ್ ಇದ್ದಾರಾ ಅಂತ ವಿಚಾರಿಸಿಕೊಂಡೇ ಹೊರಡುತ್ತಾರೆ.