ಗಾಡಿ ನಂದು, ಪೆಟ್ರೋಲ್ ನಂದು, ಕೊನೆಗೆ ಜಿಪುಣನೂ ನಾನೇ

ಬಜೆಟ್ ಟ್ರಿಪ್ ಅನ್ನೋ ಮಾತು ಕಿವಿಗೆ ಬಿದ್ದರೆ ಸಾಕು, ಈಗ ಮೈಯೆಲ್ಲ ಉರಿಯುತ್ತದೆ. ಯಾರ ಬಜೆಟ್ಟು ಸ್ವಾಮಿ? ಅವರದ್ದು ಉಳಿಯಿತು, ನನ್ನ ಜೇಬು ಹರಿಯಿತು.

ಸಂಕ್ರಾಂತಿ ಕಳೆದ ಮೇಲಿನ ಶನಿವಾರ ಮಂಡ್ಯದಿಂದ ಮಲ್ಪೆಗೆ ಹೋಗುವುದು, ಭಾನುವಾರ ರಾತ್ರಿ ವಾಪಸ್. ಆರು ಜನ. "ತಲೆಗೆ ಎರಡೂವರೆ ಸಾವ್ರ ಕಣ್ಲಾ, ಅದ್ರಲ್ಲೇ ಮುಗ್ಸವ" ಅಂತ ಟೀ ಅಂಗಡಿ ಮುಂದೆ ನಿಂತು ಪ್ಲಾನ್ ಹಾಕಿದವನು ಒಬ್ಬ. ನನ್ನದು ಐದು ಸೀಟಿನ ಸೆಕೆಂಡ್ ಹ್ಯಾಂಡ್ ಗಾಡಿ, ಇನ್ನೂ ಕಂತು ಕಟ್ಟುತ್ತಿದ್ದೇನೆ. ಆರು ಜನ ಹೇಗೆ ಕೂರೋದು ಅಂತ ಕೇಳಿದರೆ "ಅಡ್ಜಸ್ಟ್ ಮಾಡ್ಕಳವ ಬುಡು" ಅಂದ. ಅಡ್ಜಸ್ಟ್ ಅನ್ನೋ ಪದ ಯಾವಾಗಲೂ ಗಾಡಿ ಇಲ್ಲದವರ ಬಾಯಲ್ಲೇ ಬರುತ್ತದೆ, ಗಮನಿಸಿದ್ದೀರಾ?

ಹೋಂಸ್ಟೇಯಲ್ಲಿ ಮೂರು ರೂಮು, ಒಂದಕ್ಕೆ 1,500. ಶನಿವಾರ ಆದ್ದರಿಂದ ಪೂರ್ತಿ ದುಡ್ಡು ಮೊದಲೇ ಹಾಕಬೇಕು, ಬರದೇ ಇದ್ದರೆ ವಾಪಸ್ ಇಲ್ಲ. ಗ್ರೂಪಲ್ಲಿ ಕೇಳಿದೆ. "ನೀನ್ ಹಾಕಿರು ಮಗಾ, ಆಮೇಲ್ ಕೊಡ್ತೀವಿ." ಹಾಕಿದೆ, 4,500. ಶುಕ್ರವಾರ ರಾತ್ರಿ ಹನ್ನೊಂದು ಗಂಟೆಗೆ ಒಬ್ಬನಿಗೆ ಮಾವನ ಮನೆಯಲ್ಲಿ ಹಬ್ಬದೂಟ ನೆನಪಾಯಿತು. ಇನ್ನೊಬ್ಬ ಫೋನೇ ಎತ್ತಲಿಲ್ಲ. ಸೀಟಿನ ಸಮಸ್ಯೆಯೇನೋ ಬಗೆಹರಿಯಿತು, ಮೂರನೇ ರೂಮಿನ 1,500 ಮಾತ್ರ ಸಮುದ್ರ ನೋಡೋ ಮೊದಲೇ ನೀರುಪಾಲು.

ಬೆಳಿಗ್ಗೆ ನಾಲ್ಕಕ್ಕೆ ಸಂಜಯ ಸರ್ಕಲ್‌ನಲ್ಲಿ ಸೇರಬೇಕಿತ್ತು. ಆ ಚಳಿಯಲ್ಲಿ ಐದೂಮುಕ್ಕಾಲರವರೆಗೆ ಒಬ್ಬನೇ ನಿಂತಿದ್ದೆ. ಬಂದವರು ಬಾಗಿಲು ಹಾಕಿಕೊಂಡು ಹೇಳಿದ ಮೊದಲ ಮಾತು, "ಗಣಂಗೂರು ಟೋಲಿಗೆ ಯಾಕ್ ದಂಡ ಕಟ್ತೀಯ, ಸರ್ವೀಸ್ ರೋಡಲ್ಲಿ ಇಳ್ಸು." ಲೇಟ್ ಮಾಡಿದ್ದು ಇವರು, ಈಗ ನಾನು ಸರ್ವೀಸ್ ರೋಡಲ್ಲಿ ಕಬ್ಬಿನ ಟ್ರ್ಯಾಕ್ಟರ್ ಹಿಂದೆ ತೆವಳಬೇಕಂತೆ. ನೇರ ಹೋದೆ. ಆಮೇಲೆ ಬ್ರಹ್ಮರಕೂಟ್ಲು, ಹೆಜಮಾಡಿ. ಒಂದೊಂದು ಟೋಲು ದಾಟಿದಾಗಲೂ ಫಾಸ್ಟ್ಯಾಗ್ ದುಡ್ಡು ಕಟ್ ಆದ ಮೆಸೇಜು ಟಣ್ ಅಂತ ಬರುತ್ತಿದ್ದದ್ದು ನನ್ನ ಫೋನಿಗೆ ಮಾತ್ರ. ಹಿಂದೆ ಕೂತವರಿಗೆ ಅದು ಕೇಳಿಸೋದೇ ಇಲ್ಲ ಬಿಡಿ.

ಹೋಗೋದೇ 350 ಕಿಲೋಮೀಟರ್ ಮೇಲೆ. ಹುಣಸೂರು, ಕುಶಾಲನಗರ, ಮಡಿಕೇರಿ, ಆಮೇಲೆ ಸಂಪಾಜೆ ಘಾಟಿ. ಒಬ್ಬನಿಗೆ ಲೈಸೆನ್ಸ್ ಇಲ್ಲ, ಒಬ್ಬನಿಗೆ ಘಾಟಿ ಭಯ, ಇನ್ನೊಬ್ಬನಿಗೆ ನಿದ್ದೆ. ಆ ನಿದ್ದೆಯವನು ಹಿಂದಿನ ರಾತ್ರಿ ಎಲ್ಲೋ ಕುಡಿದು ಬಂದಿದ್ದ. 2018ರ ಮಳೆಯಲ್ಲಿ ಗುಡ್ಡ ಜರಿದಿತ್ತಲ್ಲ, ಆ ಜೋಡುಪಾಲದ ತಿರುವುಗಳಲ್ಲಿ "ನಿಲ್ಸು ನಿಲ್ಸು" ಅಂದ. ಗಾಡಿ ಸೈಡಿಗೆ ಹಾಕೋ ಜಾಗ ಹುಡುಕುವಷ್ಟರಲ್ಲಿ ಕೆಲಸ ಮುಗಿದಿತ್ತು. ಸೀಟ್ ಬೆಲ್ಟ್ ಸಿಕ್ಕಿಸೋ ಕೆಂಪು ಬಟನ್ ಇರುತ್ತಲ್ಲ, ಸರಿಯಾಗಿ ಅದರ ಸಂದಿಯೊಳಕ್ಕೆ. ನಾನು ಬಾಟಲಿ ನೀರು ಸುರಿದು, ಬನಿಯನ್ ಬಟ್ಟೆಯಲ್ಲಿ ಉಜ್ಜುತ್ತಾ ಕೂತಿದ್ದರೆ ಉಳಿದಿಬ್ಬರು ಕಣಿವೆ ಕಡೆ ತಿರುಗಿ ಸೆಲ್ಫಿ ತೆಗೆಯುತ್ತಿದ್ದರು. ಒಬ್ಬನಾದರೂ ಒಂದು ಪೇಪರ್ ಹರಿದು ಕೊಡಬಾರದೇ?

ಮಲ್ಪೆ ಮುಟ್ಟಿದಾಗ ಮಧ್ಯಾಹ್ನ ಎರಡೂವರೆ. ಹೊಟ್ಟೆ ತಾಳ ಹಾಕುತ್ತಿತ್ತು. ಬಜೆಟ್ ಟ್ರಿಪ್ ಅಲ್ವಾ, ಮೀನೂಟ, ಎರಡು ಬಂಗುಡೆ ಫ್ರೈ ತಿಂದು ಏಳೋಣ ಅಂತ ನನ್ನ ಲೆಕ್ಕ. ಹೋಟೆಲಿನವರು ಮಸಾಲೆ ಹಚ್ಚಿದ ಮೀನುಗಳನ್ನು ತಟ್ಟೆಯಲ್ಲಿ ಜೋಡಿಸಿ ತಂದು ತೋರಿಸಿದರು. ಮೆನು ಕಾರ್ಡಲ್ಲಿ ರೇಟ್ ಇರೋ ಜಾಗದಲ್ಲಿ "ಸೈಜ್ ಮೇಲೆ" ಅಂತ ಬರೆದಿತ್ತು. ಇದನ್ನು ನೋಡಿದ ಮೇಲೂ ನಮ್ಮ ಪ್ಲಾನ್ ಮಹಾಶಯ ತಟ್ಟೆಯಲ್ಲಿದ್ದ ಅತಿ ದಪ್ಪದ ಅಂಜಲ್ ತುಂಡುಗಳಿಗೇ ಬೆರಳಿಟ್ಟ. ಅದೂ ಮೂರು. ಕೊನೆಗೆ "ಇಲ್ಲಿ ಮುದ್ದೆ ಸಿಗಲ್ವಾ" ಅಂತ ಬೇರೆ ಕೇಳಿ ಮಾನ ಕಳೆದ. ಬಿಲ್ 3,200. ಬಿಲ್ ಬರೋ ಹೊತ್ತಿಗೆ ಒಬ್ಬ ಕೈ ತೊಳೆಯಲು ಹೋಗಿದ್ದ, ಒಬ್ಬನಿಗೆ ಫೋನು, ಒಬ್ಬನ ಯುಪಿಐ ಸರ್ವರ್ ಡೌನ್. ಪಕ್ಕದ ಟೇಬಲಿನವರ ಯುಪಿಐ ಚೆನ್ನಾಗೇ ಓಡುತ್ತಿತ್ತು.

ಇಷ್ಟೆಲ್ಲ ನುಂಗಿಕೊಳ್ಳುತ್ತಿದ್ದೆ. ನನಗೆ ಇದ್ದಿದ್ದು ಒಂದೇ ಆಸೆ, ಸೇಂಟ್ ಮೇರೀಸ್ ದ್ವೀಪ. ಲಾವಾ ಆರಿ ಕಂಬ ಕಂಬವಾಗಿ ಸೀಳಿ ನಿಂತ ಕಲ್ಲುಗಳು, ಭಾರತ ಇನ್ನೂ ಮಡಗಾಸ್ಕರ್‌ಗೆ ಅಂಟಿಕೊಂಡಿದ್ದ ಕಾಲದವು. ಕಾಲೇಜಲ್ಲಿ ಓದಿದಾಗಿನಿಂದ ನೋಡಬೇಕು ಅಂತಿತ್ತು. ಭಾನುವಾರ ಬೆಳಿಗ್ಗೆ ಮೊದಲ ಬೋಟಿಗೇ ಹೋಗೋಣ ಅಂತ ಮೂರು ಸಲ ಹೇಳಿದ್ದೆ. ಎದ್ದಿದ್ದು ಹನ್ನೊಂದಕ್ಕೆ. ಬೋಟಿನ ಹತ್ತಿರ ಹೋದರೆ ಜಾತ್ರೆ ಥರ ಜನ. "ಕಲ್ ನೋಡಕ್ಕೆ ದುಡ್ ಕೊಡ್ಬೇಕಾ? ನಮ್ ಕರಿಘಟ್ಟದಲ್ಲಿ ಕಲ್ಲಿಲ್ವಾ?" ಅಂದ ಅಂಜಲ್ ತಿಂದವನು. ಅಲ್ಲಿ ಮಾತ್ರ ಅವನಿಗೆ ಬಜೆಟ್ ನೆನಪಾಯಿತು. ಕರಿಘಟ್ಟಕ್ಕೆ ನಾನು ಸಂಜೆ ಬೈಕಲ್ಲಿ ಹೋಗಿ ಬರ್ತೀನಲ್ಲಪ್ಪ, ಅದಕ್ಕೆ ಇಷ್ಟು ದೂರ ಬರಬೇಕಿತ್ತಾ? ದೂರದಲ್ಲಿ ನೀರಿನ ಮೇಲೆ ತೆಂಗಿನಮರದ ಗೆರೆ ಕಾಣುತ್ತಿತ್ತು. ಅಷ್ಟೇ ನೋಡಿಕೊಂಡು ಬಂದೆ.

ಬಂದ ಮೇಲೆ ಲೆಕ್ಕ ಹಾಕಿದೆ. ಎಸಿ ಹಾಕಿ ಘಾಟಿ ಇಳಿದು ಹತ್ತಿದ್ದಕ್ಕೆ ಲೀಟರಿಗೆ 15 ಬಂತು, ಪೆಟ್ರೋಲ್ 4,900. ಟೋಲು 400. ಊಟ 3,200. ನಾವು ಮಲಗಿದ ಎರಡು ರೂಮು 3,000. ಒಟ್ಟು 11,500, ನಾಲ್ಕು ಜನಕ್ಕೆ ತಲೆಗೆ 2,875. ಖಾಲಿ ಬಿದ್ದ ರೂಮಿನ 1,500 ಬರದೇ ಇದ್ದ ಇಬ್ಬರು ಹಂಚಿಕೊಳ್ಳಲಿ ಅಂತ ಬರೆದೆ. ತಪ್ಪಾ? ಗಾಡಿ ಸವೆದಿದ್ದಕ್ಕೆ, ಎರಡು ದಿನ ಸ್ಟೇರಿಂಗ್ ಹಿಡಿದಿದ್ದಕ್ಕೆ, ಒಳಗೆಲ್ಲ ವಾಟರ್ ಸರ್ವೀಸ್ ಮಾಡಿಸಿದ್ದಕ್ಕೆ ಒಂದು ರೂಪಾಯಿ ಸೇರಿಸಿಲ್ಲ.

ಗ್ರೂಪಲ್ಲಿ ಎರಡು ಹೆಬ್ಬೆಟ್ಟು ಬಿತ್ತು. ಒಬ್ಬ ಸಾವಿರ ಹಾಕಿ ಉಳಿದಿದ್ದು ಸಂಬಳ ಆದ ಮೇಲೆ ಅಂದ. ಮಾವನ ಮನೆಯವನು "ನಾನ್ ಬರ್ಲೇ ಇಲ್ವಲ್ಲ, ಯಾಕ್ ಕೊಡ್ಲಿ" ಅಂದ. ಪ್ಲಾನ್ ಮಹಾಶಯ ಬೇರೆಯವರ ಹತ್ತಿರ ಹೇಳಿಕೊಂಡು ತಿರುಗುತ್ತಿದ್ದಾನಂತೆ, ನಾನು ಫ್ರೆಂಡ್‌ಶಿಪ್‌ನಲ್ಲೂ ಪೈಸಾ ಪೈಸಾ ಲೆಕ್ಕ ಹಾಕೋ ಜಿಪುಣ ಅಂತ. ಮೈಸೂರಿಗೆ ಹೋಗಿ ರಾತ್ರಿ ಬಸ್ ಹತ್ತಿದ್ದರೆ ಅವರವರ ಟಿಕೆಟ್ ಅವರವರೇ ತೆಗೆದುಕೊಳ್ಳುತ್ತಿದ್ದರು. ಕಂಡಕ್ಟರ್ ಹತ್ತಿರ "ನೀನ್ ಹಾಕಿರು ಮಗಾ" ಅನ್ನಲು ಆಗುತ್ತಾ?

ಮೂರು ವಾರ ಆಯಿತು. ಮೊನ್ನೆ ಅದೇ ಮಹಾಶಯನ ಫೋನು. ದುಡ್ಡಿನ ವಿಷಯ ಇರಬೇಕು ಅಂತ ಎತ್ತಿದೆ. "ಮಗಾ, ಮಲ್ಪೇಲಿ ತಗಂಡಿದ್ದ ಒಣ ಸಿಗಡಿ ಪೊಟ್ಣ ನಿನ್ ಡಿಕ್ಕಿಲೇ ಉಳ್ಕತು, ನಾಳೆ ಬಂದು ಈಸ್ಕತೀನಿ." ಅಷ್ಟು ದಿನ ಗಾಡಿಯಲ್ಲಿ ಅದೇನು ವಾಸನೆ ಅಂತ ಸ್ಟೆಪ್ನಿ ತೆಗೆದು ಹುಡುಕಿದ್ದೆ, ಅಪ್ಪ ಗಾಡಿ ಹತ್ತಲು ಒಪ್ಪುತ್ತಿರಲಿಲ್ಲ.

ಬಂದಿದ್ದ. ಇಲ್ಲ ಅಂದೆ. ಹಿಂದಿನ ರಾತ್ರಿಯೇ ಅಮ್ಮ ಅದನ್ನು ಬದನೆಕಾಯಿ ಜೊತೆ ಸಾರು ಮಾಡಿ ಆಗಿತ್ತು. ಮುದ್ದೆಗೆ ಚೆನ್ನಾಗಿತ್ತು.