ಆ ಗಾಂಧಾರ ಸ್ವಲ್ಪ ಕೇಳಿಸ್ರಿ

ಹೋದ ತಿಂಗಳು ಬಳ್ಳಾರಿಯಲ್ಲಿ ಸಂಗೀತಶಾಸ್ತ್ರದ ಒಂದು ವಿಚಾರ ಸಂಕಿರಣಕ್ಕೆ ಹೋಗಿದ್ದೆ. ಯಾರು ಮಾಡಿದ್ದು, ಯಾವ ಸಭಾಂಗಣ ಅಂತ ಕೇಳಬೇಡಿ, ಹೇಳಲ್ಲ. ಹತ್ತೂವರೆಗೆ ಶುರು ಅಂತ ಆಮಂತ್ರಣದಲ್ಲಿತ್ತು. ದೀಪ ಹಚ್ಚುವಾಗ ಹನ್ನೊಂದೂಕಾಲು. ಆಮೇಲೆ ಸ್ವಾಗತ, ಪ್ರಾಸ್ತಾವಿಕ, ಉದ್ಘಾಟನೆ, ವೇದಿಕೆ ಮೇಲೆ ಹನ್ನೊಂದು ಜನ, ಹನ್ನೊಂದು ಜನಕ್ಕೂ ಶಾಲು, ಹಾರ, ಹಣ್ಣಿನ ಬುಟ್ಟಿ, ಪ್ರತಿಯೊಬ್ಬರಿಗೂ ಹಾರ ಹಾಕುವಾಗ ಫೋಟೋದವನು ಇನ್ನೊಂದ್ಸಲ ಹಾಕಿ ಸರ್ ಅನ್ನೋದು. ಅಷ್ಟರಲ್ಲಿ ಊಟದ ಹೊತ್ತು. ಶಾಸ್ತ್ರ ಶುರುವಾಗಿದ್ದು ಊಟ ಆದ ಮೇಲೆ, ಅರ್ಧ ಸಭೆ ತೂಕಡಿಸುವಾಗ, ಒಬ್ಬೊಬ್ಬರಿಗೆ ಏಳು ನಿಮಿಷದ ಹಾಗೆ.

ಒಬ್ಬರು 22 ಶ್ರುತಿಗಳ ಮೇಲೆ, ಅಂದರೆ ಒಂದು ಸಾದಿಂದ ಮೇಲಿನ ಸಾವರೆಗಿನ 22 ಸೂಕ್ಷ್ಮ ನಾದಗಳ ಮೇಲೆ, ಪ್ರಬಂಧ ಓದಿದರು. ಪರದೆ ಮೇಲೆ ಒಂದು ದೊಡ್ಡ ಕೋಷ್ಟಕ. ತೀವ್ರಾ, ಕುಮುದ್ವತೀ, ಮಂದಾ ಅಂತ ಹೆಸರುಗಳು, ಪಕ್ಕದಲ್ಲಿ ಭಿನ್ನರಾಶಿಗಳು. ಅವರು ತಪ್ಪು ಹೇಳಿದರು ಅಂತ ನಾನು ಹೇಳ್ತಿಲ್ಲ, ಚೆನ್ನಾಗೇ ಓದಿಕೊಂಡು ಬಂದಿದ್ದರು ಪಾಪ. ಆದರೆ ನನ್ನ ಪಕ್ಕ ನಮ್ಮ ಪೇಟಿ ಮಾಸ್ತರ್ ಕೂತಿದ್ದರು. ನಾಟಕ ಕಂಪನಿಗಳಲ್ಲಿ ಹಾರ್ಮೋನಿಯಂ ನುಡಿಸುತ್ತಲೇ ಮುಪ್ಪಾದವರು. ಅವರು ಎದ್ದು ನಿಂತು ಕೈ ಮುಗಿದು, "ಸರ, ಎಲ್ಲಾ ಛಲೋ ಐತಿ. ಆ ಗಾಂಧಾರ ಸ್ವಲ್ಪ ಕೇಳಿಸ್ರಿ" ಅಂದರು.

ಅಷ್ಟೇ. ಗಾಂಧಾರ ಅಂದರೆ ಸರಿಗಮದ ಗ. ಅದನ್ನು ಕೇಳಿಸೋದಕ್ಕೆ ಅಲ್ಲಿ ಏನೂ ಇರಲಿಲ್ಲ! ಸಂಗೀತಶಾಸ್ತ್ರದ ಸಭೆ, ಸಭಾಂಗಣದಲ್ಲಿ ಒಂದೇ ಒಂದು ತಂಬೂರಿ ಇಲ್ಲ. ಯಾರೋ ಫೋನಿನಲ್ಲಿ ಶ್ರುತಿಪೆಟ್ಟಿಗೆಯ ಆ್ಯಪ್ ಹಚ್ಚಿ ಮೈಕಿಗೆ ಹಿಡಿದರು, ಮೈಕು ಕುಂಯ್ ಅಂತ ಕೂಗಿತು, ನಿರೂಪಕರು ಸಮಯದ ಅಭಾವ ಅಂದರು. ಮಾಸ್ತರ್ ಕೂತರು. ಬಸ್ಸಿನಲ್ಲಿ ವಾಪಸ್ ಬರುವಾಗ ಹೊಸಪೇಟೆ ದಾಟೋವರೆಗೆ ಅವರು ಮಾತಾಡಲಿಲ್ಲ.

ಈ ಬರಹಕ್ಕೆ ಅದೇ ಕಾರಣ. ಸಂಗೀತಶಾಸ್ತ್ರದ ಸಭೆ ಮಾಡೋರು ಹಾರ ಶಾಲು ಏನಾದ್ರೂ ಮಾಡಿಕೊಳ್ಳಲಿ, ನಡುವೆ ಒಂದು ತಂಬೂರಿ ಇಡಬೇಕು, ಹೇಳಿದ್ದನ್ನು ಅಲ್ಲೇ ಕೇಳಿಸಬೇಕು. ಕೇಳಿಸೋಕೆ ಆಗದೇ ಇದ್ದರೆ ಆ ಮಾತನ್ನು ಮುಂದಿನ ಸಲಕ್ಕೆ ಇಟ್ಟುಕೊಳ್ಳಲಿ.

ಕೊಪ್ಪಳದಲ್ಲಿ ನಮ್ಮದೊಂದು ಸಣ್ಣ ಕೂಟ ಇದೆ. ಹೆಸರಿಲ್ಲ, ರಿಜಿಸ್ಟ್ರೇಷನ್ ಇಲ್ಲ, ಬ್ಯಾನರ್ ಅಂತೂ ಇಲ್ಲವೇ ಇಲ್ಲ. ನಿವೃತ್ತ ಮೇಷ್ಟ್ರೊಬ್ಬರ ಮನೆಯ ಮಾಳಿಗೆಯಲ್ಲಿ ತಿಂಗಳಿಗೊಂದು ಭಾನುವಾರ ಹತ್ತು ಹನ್ನೆರಡು ಜನ ಸೇರುತ್ತೇವೆ. ನಾನು ಸಂಗೀತ ಪರೀಕ್ಷೆಯಲ್ಲಿ ಜೂನಿಯರ್ ಪಾಸಾಗಿ ಸೀನಿಯರ್‌ನಲ್ಲಿ ಡುಮ್ಕಿ ಹೊಡೆದವನು. ಹಾಗಾಗಿ ನನ್ನ ಕೆಲಸ ನೋಟ್‌ಬುಕ್ಕಿನಲ್ಲಿ ಬರೆದಿಡೋದು ಮತ್ತು ಬರುವಾಗ ಮಂಡಾಳ ಒಗ್ಗರಣೆ, ಮಿರ್ಚಿ ಕಟ್ಟಿಸಿಕೊಂಡು ಬರೋದು. ಎರಡನೆಯದನ್ನೇ ಜಾಸ್ತಿ ಹೊಗಳುತ್ತಾರೆ.

ನಮ್ಮ ಮೊದಲ ಸಭೆಯೇ ಜಗಳದಲ್ಲಿ ಮುಗೀಬೇಕಿತ್ತು. ಬಳ್ಳಾರಿಯಿಂದ ರೈಲಿನಲ್ಲಿ ಬರುವ ವೀಣೆ ಟೀಚರ್ ಒಬ್ಬರಿದ್ದಾರೆ, ಕರ್ನಾಟಕಿ ಪದ್ಧತಿ. ಇನ್ನೊಬ್ಬರು ಗದಗಿನಲ್ಲಿ ಕಲಿತು ಬಂದ ಹಿಂದೂಸ್ತಾನಿ ಗವಾಯಿಗಳು. ಮಾತು ತೋಡಿ ರಾಗಕ್ಕೆ ಬಂತು. (ಮಧ್ಯಮ ಅಂದರೆ ಮ, ಅದರಲ್ಲಿ ಕೆಳಗಿನದು ಶುದ್ಧ, ಮೇಲಿನದು ತೀವ್ರ.) ಟೀಚರ್ ತೋಡಿಯಲ್ಲಿ ಶುದ್ಧ ಮಧ್ಯಮ ಅಂದರು. ಗವಾಯಿಗಳು, ತೀವ್ರ ಮಧ್ಯಮ ಇಲ್ಲದ ತೋಡಿ ಎಲ್ಲಿಂದ ಬಂತ್ರೀ ಮೇಡಂ ಅಂದರು. ಅರ್ಧ ಗಂಟೆ. ಇಬ್ಬರೂ ಓದಿದವರೇ, ಇಬ್ಬರೂ ಪುಸ್ತಕದ ಹೆಸರು ಹೇಳುತ್ತಾರೆ, ದನಿ ಏರುತ್ತಾ ಹೋಯಿತು. ಕೊನೆಗೆ ಮನೆಯ ಯಜಮಾನರ ಹೆಂಡತಿ ಚಹಾ ತಂದಿಟ್ಟು, "ಇಬ್ರೂ ಒಂದೊಂದ್ಸಲ ಹಾಡಿಬಿಡ್ರಲ್ಲ" ಅಂದರು.

ಎರಡು ನಿಮಿಷದಲ್ಲಿ ಮುಗಿಯಿತು. ಟೀಚರ್ ಹಾಡಿದ ತೋಡಿಯ ಸ್ವರಗಳು ಗವಾಯಿಗಳ ಲೆಕ್ಕದಲ್ಲಿ ಭೈರವಿ ಥಾಟಿನವು. (ಥಾಟು, ಮೇಳ ಎರಡೂ ರಾಗಗಳನ್ನು ಸ್ವರದ ಮೇಲೆ ವಿಂಗಡಿಸುವ ಗುಂಪುಗಳು, ಥಾಟು ಹಿಂದೂಸ್ತಾನಿಯದು, ಮೇಳ ಕರ್ನಾಟಕಿಯದು.) ಗವಾಯಿಗಳು ಹಾಡಿದ ತೋಡಿ ಟೀಚರ್ ಲೆಕ್ಕದಲ್ಲಿ ಶುಭಪಂತುವರಾಳಿ, 45ನೇ ಮೇಳ. ಟೀಚರ್ ತೋಡಿ 8ನೇ ಮೇಳ. ಹೆಸರೊಂದೇ, ರಾಗ ಬೇರೆ. ಇದು ಪುಸ್ತಕದಲ್ಲೂ ಇದೆ, ಗೂಗಲ್ ಮಾಡಿದರೂ ಸಿಗುತ್ತೆ ಅನ್ನಬಹುದು ನೀವು. ಸಿಗುತ್ತೆ. ಆದರೆ ಅದರ ಮುಂದಿನದು ಹಾಡಿದ್ದಕ್ಕೇ ಸಿಕ್ಕಿದ್ದು. ಕೋಷ್ಟಕದ ಪ್ರಕಾರ ಕರ್ನಾಟಕಿ ತೋಡಿಗೂ ಹಿಂದೂಸ್ತಾನಿ ಭೈರವಿಗೂ ಸ್ವರ ಒಂದೇ ಅಲ್ವಾ? ಇಬ್ಬರೂ ಒಂದರ ಹಿಂದೆ ಒಂದು ಹಾಡಿದರೆ ಒಂದೇ ಅಂತ ಯಾರೂ ಹೇಳಲಾರರು. ಟೀಚರ್ ಗಾಂಧಾರ ನಿಲ್ಲೋದೇ ಇಲ್ಲ, ಜೋಕಾಲಿ ಹಾಗೆ ತೂಗುತ್ತೆ. ಗವಾಯಿಗಳ ಗಾಂಧಾರ ಬಂದು ಚಾಪೆ ಹಾಸಿ ಕೂರುತ್ತೆ. ಸ್ವರವನ್ನು ಹೀಗೆ ತೂಗೋದಕ್ಕೆ ಗಮಕ ಅಂತ ಒಂದು ಶಬ್ದ ಪುಸ್ತಕದಲ್ಲಿ ನೂರು ಸಲ ಓದಿದ್ದೆ, ಆವತ್ತು ಕೇಳಿದೆ.

ನಮ್ಮ ಸೀಮೆಗೆ ಇದೊಂದು ಭಾಗ್ಯ, ಯಾರೂ ಹೇಳಿಕೊಳ್ಳಲ್ಲ ಅಷ್ಟೇ. ಎರಡೂ ಪದ್ಧತಿ ಇಲ್ಲಿ ಕೂಡುತ್ತವೆ. ರಾಯಚೂರು ಸಿದ್ಧರಾಮ ಜಂಬಲದಿನ್ನಿಯವರಂಥ ಹಿಂದೂಸ್ತಾನಿ ಗಾಯಕರ ಊರು, ಬಳ್ಳಾರಿಯಲ್ಲಿ ತ್ಯಾಗರಾಜ ಕೀರ್ತನೆ ಕಲಿಯೋ ಮಕ್ಕಳು ಸಾಕಷ್ಟು, ಪಕ್ಕದ ಗದಗಿನಲ್ಲಿ ಪಂಚಾಕ್ಷರಿ ಗವಾಯಿಗಳೂ ಪುಟ್ಟರಾಜ ಗವಾಯಿಗಳೂ ಎರಡನ್ನೂ ಕಲಿತು ಕಲಿಸಿದವರು.

ಗಾಂಧಾರದ ಕಥೆಗೆ ಬರ್ತೀನಿ. ಬಳ್ಳಾರಿಯಿಂದ ಬಂದ ಮುಂದಿನ ಭಾನುವಾರ ಮಾಳಿಗೆಯಲ್ಲಿ ಅದೊಂದೇ ವಿಷಯ. ಮೊದಲು ಫ್ಯಾನ್ ಆರಿಸಿದೆವು. ಆ ಫ್ಯಾನಿಗೂ ಒಂದು ಸ್ವರ ಇದೆ, ಅದು ಯಾವತ್ತೂ ಅಪಸ್ವರವೇ. ಸೆಕೆಯಲ್ಲಿ ಬೆವರು ಸುರೀತಿತ್ತು. ಗವಾಯಿಗಳು ತಂಬೂರಿಯ ನಾಲ್ಕೂ ತಂತಿ ಕೂಡಿಸಿ, ತಂತಿಗೆ ಆಸರೆಯ ಪಟ್ಟಿ, ಅಂದರೆ ಕುದುರೆ ಮೇಲೆ ನೂಲಿನ ಎಳೆ ಹಿಂದೆ ಮುಂದೆ ಸರಿಸಿ ಜವಾರಿ ಹಿಡಿದರು. (ಜವಾರಿ ಅಂದರೆ ನಮ್ಮ ಕಡೆ ಜವಾರಿ ಬದನೆ, ಜವಾರಿ ಕೋಳಿ. ತಂಬೂರಿಯ ಜವಾರಿ ಬೇರೆ, ತಂತಿ ಕುದುರೆಗೆ ತಾಗಿ ಏಳುವ ಝೇಂಕಾರ ಅದು, ಆದರೆ ಅದು ಸರಿಯಾಗಿ ಕೂತಾಗ ನಾದಕ್ಕೆ ಬರುವ ರುಚಿಗೆ ಈ ಹೆಸರು ಒಪ್ಪುತ್ತೆ ಅಂತ ನನಗನಿಸುತ್ತೆ.) ಆಮೇಲೆ ಖರ್ಜದ, ಅಂದರೆ ಕೆಳಗಿನ ಸಾದ, ತಂತಿಯೊಂದನ್ನೇ ಮೀಟಿ, ಕಣ್ಣು ಮುಚ್ಚಿ ಕೇಳ್ರಿ ಅಂದರು.

ಮೊದಲ ಸಲ ಬರೀ ಸಾ ಕೇಳುತ್ತೆ. ಎರಡನೇ ಸಲ ಮೇಲೆಲ್ಲೋ ಪಂಚಮ. ನಾಲ್ಕೈದು ಸಲ ಆದ ಮೇಲೆ, ತುಂಬಾ ಎತ್ತರದಲ್ಲಿ, ಯಾರೂ ಮೀಟದ ಒಂದು ಗಾಂಧಾರ ಸಣ್ಣಗೆ ಎದ್ದು ಬರುತ್ತೆ. ಒಮ್ಮೆ ಕಿವಿಗೆ ಬಿದ್ದರೆ ಮತ್ತೆ ಬಿಡೋದಿಲ್ಲ. ತಂತಿ ಒಟ್ಟಿಗೆ ನಡುಗುವ ಹಾಗೆಯೇ ಅರ್ಧವಾಗಿ, ಮೂರು ಭಾಗವಾಗಿ, ಐದು ಭಾಗವಾಗಿಯೂ ನಡುಗುತ್ತೆ, ಆ ಐದನೆಯದೇ ಈ ಗಾಂಧಾರ.

ಮಾಸ್ತರ್ ಪೇಟಿಯಲ್ಲಿ ಅದೇ ಗ ಒತ್ತಿದರು. ಎರಡೂ ಕೂಡಲಿಲ್ಲ. ವಂವ್ ವಂವ್ ಅಂತ ಅಲೆ ಎದ್ದಿತು. ಇಂಜಿನಿಯರಿಂಗ್ ಓದುವ ಹುಡುಗಿಯೊಬ್ಬಳು ಬರುತ್ತಾಳೆ, ಅವಳು ಲೆಕ್ಕ ಹೇಳಿದಳು. ಪೇಟಿಯಲ್ಲಿ ಒಂದು ಸಪ್ತಕವನ್ನು, ಅಂದರೆ ಸಾದಿಂದ ಮೇಲಿನ ಸಾವರೆಗೆ, 12 ಸಮಪಾಲು ಮಾಡಿರುತ್ತಾರೆ, ಒಂದೊಂದು ಪಾಲಿಗೆ 100 ಸೆಂಟ್ಸ್ (ಸ್ವರದ ಅಂತರ ಅಳೆಯುವ ಮಾನ), ಸಾದಿಂದ ಶುದ್ಧ ಗಾಂಧಾರಕ್ಕೆ 400. ತಂಬೂರಿಯಲ್ಲಿ ತಾನಾಗಿ ಏಳೋದು 5:4ರ ಅನುಪಾತದ್ದು, ಅದು ಸುಮಾರು 386. ಹದಿನಾಲ್ಕರಷ್ಟು ಪೇಟಿ ಮೇಲಿದೆ. ಗವಾಯಿಗಳು ತಂಬೂರಿಗೆ ಸೇರಿಸಿ ಗಾಂಧಾರಕ್ಕೆ ನಿಂತಾಗ ಅವಳು ಫೋನಿನಲ್ಲಿ ಸ್ವರ ಅಳೆಯುವ ಟ್ಯೂನರ್ ಅವರ ಬಾಯ ಹತ್ತಿರ ಹಿಡಿದಳು. ಮುಳ್ಳು ಅಲ್ಲಾಡುತ್ತಾ ಅಲ್ಲಾಡುತ್ತಾ ಸೊನ್ನೆಯ ಕೆಳಗೇ ಸುಳಿದಾಡಿತು (ಪೇಟಿಯ ಗ ಅಲ್ಲಿ ಸೊನ್ನೆ).

ಎಲ್ಲರೂ ಮಾಸ್ತರ್ ಮುಖ ನೋಡಿದೆವು. ಆಯುಷ್ಯವಿಡೀ ನುಡಿಸಿದ ವಾದ್ಯ ತಪ್ಪು ಅಂತ ಹೇಳಿದ ಹಾಗಾಯ್ತಲ್ಲ. ಆಕಾಶವಾಣಿ 1940ರಲ್ಲಿ ಹಾರ್ಮೋನಿಯಂ ನಿಲ್ಲಿಸಿ ಮೂರು ದಶಕ ಒಳಗೆ ಬಿಟ್ಟುಕೊಳ್ಳಲಿಲ್ಲ, ಅದರ ಸಿಟ್ಟು ಅವರಿಗೆ ಇವತ್ತಿಗೂ ಇದೆ. ಮಾಸ್ತರ್ ನಕ್ಕರು. "ನಾಟಕದಾಗ ಸಾವಿರ ಮಂದಿ ಕುಂತಿರ್ತಾರ, ಮೈಕ್ ಇರ್ತಿರಲಿಲ್ಲ, ನಿಮ್ಮ ತಂಬೂರಿ ಮೊದಲನೇ ಸಾಲಿಗೂ ಕೇಳ್ತಿರಲಿಲ್ಲ. ಪೇಟಿ ಬೇಕಾ ಬೇಕು. ಆದ್ರ ಹಾಡೋರು ಗಾಂಧಾರಕ್ಕ ನಿಂತ್ರಂದ್ರ ನಾ ಗ ಒತ್ತಂಗಿಲ್ಲ. ಸಾ ಪ ಹಿಡಿದು ಸುಮ್ನಿರ್ತೀನಿ. ನಮ್ಮ ಗುರುಗಳು ಹೊಡೆದು ಕಲಿಸಿದ್ದು ಇದು. ಯಾಕಂತ ಇವತ್ತ ತಿಳೀತು ನೋಡ್ರಿ."

ನುಡಿಸಿ ತೋರಿಸಿದರು. ಗವಾಯಿಗಳ ಗಾಂಧಾರ ಬಂದಾಗಲೆಲ್ಲ ಮಾಸ್ತರ್ ಬೆರಳು ಆ ಮಣೆಯಿಂದ ಎದ್ದು ಪಕ್ಕಕ್ಕೆ ಹೋಗುತ್ತಿತ್ತು. ಆ ಬೆರಳನ್ನು ಯಾವ ಪ್ರಬಂಧದಲ್ಲಿ ಓದೋಣ ಹೇಳಿ?

ಹಂಪಿ ನಮಗೆ ಒಂದು ತಾಸಿನ ದಾರಿ. ಅಲ್ಲಿ ಸಂಗೀತ ಅಂದರೆ ವಿಠ್ಠಲ ಗುಡಿಯ ಸಪ್ತಸ್ವರ ಕಂಬ ಅಂತ ಗೈಡುಗಳು ಹೇಳಿ ಮುಗಿಸ್ತಾರೆ. ಆದರೆ ಶಾರ್ಙ್ಗದೇವನ ಸಂಗೀತರತ್ನಾಕರ ಅನ್ನೋ ಹಳೆಯ ಶಾಸ್ತ್ರಗ್ರಂಥಕ್ಕೆ ಕಲ್ಲಿನಾಥ ವ್ಯಾಖ್ಯಾನ ಬರೆದದ್ದು ವಿಜಯನಗರದಲ್ಲಿ, ಇಮ್ಮಡಿ ದೇವರಾಯನ ಕಾಲದಲ್ಲಿ. ರಾಮಾಮಾತ್ಯ ಸ್ವರಮೇಳಕಲಾನಿಧಿ ಬರೆದದ್ದೂ ಅಲ್ಲೇ, 1550ರಲ್ಲಿ. ಅಳಿಯ ರಾಮರಾಯನ ಆಸ್ಥಾನ. ಶಾಸ್ತ್ರದವರ ಮಾತು ಒಂದಕ್ಕೊಂದು ಹೊಂದುತ್ತಿಲ್ಲ, ಸರಿ ಮಾಡಿಕೊಡು ಅಂತ ಕೇಳಿದ್ದಕ್ಕೆ ಬರೆದ ಪುಸ್ತಕ ಅದು. ನನ್ನಂಥವನಿಗೆ ಖುಷಿ ಕೊಟ್ಟಿದ್ದೇನು ಗೊತ್ತಾ? ರಾಮಾಮಾತ್ಯ ವೀಣೆ ತೊಡೆ ಮೇಲಿಟ್ಟುಕೊಂಡೇ ಮಾತಾಡುತ್ತಾನೆ. ಯಾವ ತಂತಿಗೆ ಯಾವ ಸ್ವರ, ಮೆಟ್ಟಿಲು ಎಲ್ಲಿ ಕೂಡಿಸಬೇಕು, ಅಲ್ಲಿಂದ 20 ಮೇಳಗಳು. ತಾನಾಗಿ ಹುಟ್ಟುವ ಸ್ವರಕ್ಕೆ ಸ್ವಯಂಭೂ ಅಂತ ಕರೆಯುತ್ತಾನೆ. ನಾವು ಮಾಳಿಗೆಯಲ್ಲಿ ಫ್ಯಾನ್ ಆರಿಸಿ ಹುಡುಕಿದ ಗಾಂಧಾರ ಆ ಜಾತಿಯದ್ದೇ.

ದೊಡ್ಡ ಸಭೆಗಳೇ ಬೇಡ ಅಂತ ನನ್ನ ವಾದ ಅಲ್ಲ. 1927ರಲ್ಲಿ ಮದ್ರಾಸಿನಲ್ಲಿ ಸಂಗೀತ ಸಮ್ಮೇಳನ ಆಗಿ ಮರುವರ್ಷ ಮ್ಯೂಸಿಕ್ ಅಕಾಡೆಮಿ ಹುಟ್ಟಿತು. ಅಲ್ಲಿ ಇವತ್ತಿಗೂ ಡಿಸೆಂಬರಿನಲ್ಲಿ ಬೆಳಗಿನ ಹೊತ್ತು ಶಾಸ್ತ್ರದ ಮಾತು, ಹೇಳಿದವರು ಹಾಡಿಯೋ ನುಡಿಸಿಯೋ ತೋರಿಸುತ್ತಾರೆ. ಅಮೆರಿಕದಲ್ಲಿ 1977ರಲ್ಲಿ ಸೊಸೈಟಿ ಫಾರ್ ಮ್ಯೂಸಿಕ್ ಥಿಯರಿ ಅಂತ ಕಟ್ಟಿಕೊಂಡರು, ವರ್ಷಕ್ಕೊಮ್ಮೆ ಸೇರುತ್ತಾರೆ, 1979ರಿಂದ ಪತ್ರಿಕೆ ತರುತ್ತಾರೆ. ಬರೆದಿಡೋದು ಅವರಿಂದ ಕಲಿಯಬೇಕು. ನಮ್ಮಲ್ಲಿ ಬರೆದಿಡೋದು ಅಂದರೆ ನನ್ನ ನೋಟ್‌ಬುಕ್ಕು, ಅದರಲ್ಲೂ ನಡುವೆ ಎರಡು ಹಾಳೆ ಮಿರ್ಚಿ ಎಣ್ಣೆ ಕುಡಿದಿವೆ.

ನಮ್ಮ ಕೂಟದ ಹುಳುಕೂ ಹೇಳಿಬಿಡ್ತೀನಿ. ಗವಾಯಿಗಳ ಶಿಷ್ಯರು ಗುರುಗಳೆದುರು ಬಾಯಿ ಬಿಡಲ್ಲ, ಕೆಳಗೆ ಚಪ್ಪಲಿ ಹಾಕಿಕೊಳ್ಳುವಾಗ ಬಿಡ್ತಾರೆ. ಒಬ್ಬರು ಪ್ರತಿ ಸಲ ಸಾಮವೇದದಿಂದ ಶುರು ಮಾಡ್ತಾರೆ, ಒಗ್ಗರಣೆ ಬಂದರೂ ಗುಪ್ತರ ಕಾಲ ದಾಟಿರಲ್ಲ.

ಕಳೆದ ವಾರ ಗೆಳೆಯನ ತಾಯಿ ಬಂದಿದ್ದರು, ಮಾನ್ವಿ ಕಡೆಯವರು, ಎಂಬತ್ತರ ಹತ್ತಿರ. ವಿಜಯದಾಸರ ಚೀಕಲಪರ್ವಿ ಅವರಿಗೆ ತವರೂರಿನ ಪಕ್ಕ. ಒಂದು ದಾಸರ ಪದ ಹಾಡಿದರು. ಪುಸ್ತಕದಲ್ಲಿ ಆ ಪದದ ಮೇಲೆ ಅಚ್ಚಾದ ರಾಗ ಬೇರೆ, ಇವರ ಧಾಟಿ ಬೇರೆ. ಟೀಚರ್ ಖರಹರಪ್ರಿಯ ಅಂದರು, ಗವಾಯಿಗಳು ಕಾಫಿ ಅಂದರು, ಅಲ್ಲಿಗೆ ಇಬ್ಬರೂ ಹೆಚ್ಚು ಕಡಿಮೆ ಒಂದೇ ಮಾತು ಹೇಳಿದ ಹಾಗೆ. ಆದರೆ ಅಜ್ಜಿಯ ಗಾಂಧಾರ ಏರುವಾಗ ಒಂದು ಕಡೆ, ಇಳಿಯುವಾಗ ಇನ್ನೊಂದು ಕಡೆ, ಕೋಮಲವೂ ಅಲ್ಲ ಶುದ್ಧವೂ ಅಲ್ಲ. ಮೂರು ಸಲ ಹಾಡಿಸಿದೆವು, ಮೂರು ಸಲವೂ ಅಲ್ಲಲ್ಲೇ ಬಂದು ಬಿತ್ತು. ಯಾವ ರಾಗ ಅಜ್ಜಿ ಅಂದರೆ, "ನಮ್ಮಮ್ಮ ಹೀಂಗೇ ಹಾಡ್ತಿದ್ದಳಪಾ" ಅಂದರು. ನೋಟ್‌ಬುಕ್ಕಿನಲ್ಲಿ ರಾಗದ ಕಾಲಂ ಖಾಲಿ ಬಿಟ್ಟಿದ್ದೀನಿ.

ಮುಂದಿನ ತಿಂಗಳು ಮತ್ತೆ ಬರ್ತೀನಿ ಅಂದಿದ್ದಾರೆ. ಎರಡು ಷರತ್ತು. ದೀಪ ಹಚ್ಚೋ ಹೊತ್ತಿಗೆ ಮನೆ ಮುಟ್ಟಿಸಬೇಕು. "ಆ ಫೋನು ಮೂತಿ ಮುಂದ ಹಿಡೀಬ್ಯಾಡ್ರಿ, ಹಾಡಲಿಕ್ಕೆ ನಾಚಿಕಿ ಬರ್ತದ." ಫೋನು ತಂಬೂರಿ ಹಿಂದೆ ಬಚ್ಚಿಡೋಣ ಅಂತ ಹುಡುಗಿ ಅಂದಳು, ಮಾಸ್ತರ್ ಬೈದು ಅದನ್ನು ಕೆಳಗೆ ಅಡುಗೆಮನೆಯಲ್ಲಿ ಇಟ್ಟು ಬಾ ಅಂದಿದ್ದಾರೆ.