ಸ್ಪಷ್ಟನೆ: ಎಲಾಂಟ್ರಿಸ್‌ನ ದೇವಸಮಾನರು ಕೊಳೆತದ್ದು ಶಾಪದಿಂದಲ್ಲ
ಬ್ರಾಂಡನ್ ಸ್ಯಾಂಡರ್ಸನ್ ಅವರ 2005ರ ಕಾದಂಬರಿ ‘ಎಲಾಂಟ್ರಿಸ್’ ಬಗ್ಗೆ, ‘ದೇವರಂತಿದ್ದ ಅರಸರು ದುರಹಂಕಾರಕ್ಕೆ ಶಾಪ ತಗುಲಿ ಕೊಳೆತುಹೋದರು’ ಎಂಬ ಸಂದೇಶ ಹರಿದಾಡುತ್ತಿದೆ. ಅದು ತಪ್ಪು. ಮುಂದೆ ಕಥೆಯ ಗುಟ್ಟಿದೆ, ಓದದವರು ಇಲ್ಲೇ ನಿಲ್ಲಿಸಿ.

ಕಾರಣ ಭೂಕಂಪ. ಎಲಾಂಟ್ರಿಸ್ ನಗರದ ಆ ಅರಸರ ಮಂತ್ರಾಕ್ಷರಗಳಾದ ‘ಏಯಾನ್’ಗಳ ಬುಡ ಅರೆಲಾನ್ ನಾಡಿನ ನಕ್ಷೆ. ನೆಲ ಬಿರಿದು ಕಂದರವಾಯಿತು, ಅಕ್ಷರದಲ್ಲಿ ಮಾತ್ರ ಆ ಕಂದರದ ಗೆರೆ ಇರಲಿಲ್ಲ. ಶಕ್ತಿ ಹರಿಯದೆ ಅವರ ಎದೆಬಡಿತ ನಿಂತಿತು, ಸಾವೂ ಬರಲಿಲ್ಲ. ಎಡವಿದ ಕಾಲ್ಬೆರಳಿನ ನೋವು ಸಹ ಆರುವುದಿಲ್ಲ. ಹತ್ತು ವರ್ಷದ ಮೇಲೆ ಅರೆಲಾನ್‌ನ ರಾಜಕುಮಾರ ರೇಯೋಡನ್ ಆ ಒಂದು ಗೆರೆ ಸೇರಿಸಿದಾಗಲೇ ಏಯಾನ್ ಕೆಲಸ ಮಾಡಿದ್ದು. ನಗರವೇ ಒಂದು ದೊಡ್ಡ ಏಯಾನ್‌ನ ಭಾಗವಾದ್ದರಿಂದ ನೆಲದ ಮೇಲೂ ಅದನ್ನು ಎಳೆಯಬೇಕಾಯಿತು. ಇದೆಲ್ಲ ಕಾದಂಬರಿಯ ಕೊನೆಯ ಭಾಗದಲ್ಲೇ ಇದೆ. ದಯವಿಟ್ಟು ಹಳೆಯ ಸಂದೇಶ ಫಾರ್ವರ್ಡ್ ಮಾಡಬೇಡಿ.